ಹನ್ನೊಂದನೇ ತಾರೀಖಿನ ಬಿಲ್ಲು

ಬೀಗದ ಮೇಸ್ತ್ರಿಗೆ ಸಿಟ್ಟು ಬರುವುದು ಅಪರೂಪ ಎಂದು ಅವನ ಬೀದಿಯವರೆಲ್ಲ ಹೇಳುತ್ತಿದ್ದರು. ಸಿಟ್ಟಿನ ಮನುಷ್ಯನಾಗಿದ್ದರೆ ಆ ಕಸುಬು ಅವನಿಗೆ ಒಗ್ಗುತ್ತಲೂ ಇರಲಿಲ್ಲ. ಕಚ್ಚಿಕೊಂಡ ತಿಜೋರಿಯ ಮುಂದೆ ಮಂಡಿಯೂರಿ, ಬಾಗಿಲಿಗೆ ಕಿವಿಗೊಟ್ಟು, ಒಳಗಿನ ಅಗುಳಿ ಎಲ್ಲಿ ತಡೆದಿದೆ ಎಂದು ತಾಸುಗಟ್ಟಲೆ ಬೆರಳ ತುದಿಯಲ್ಲೇ ಹುಡುಕುವ ಕೆಲಸ ಅದು. ಆತುರಗಾರನಿಗೆ ಬುದ್ಧಿ ಮಟ್ಟ ಅನ್ನುವ ಮಾತನ್ನು ಅವನು ಗಾದೆಯಾಗಿ ಕಲಿತವನಲ್ಲ, ಬೆರಳು ಜಜ್ಜಿಸಿಕೊಂಡು ಕಲಿತವನು.

ಬ್ಯಾಂಕಿನ ಷೇರು ಅವನ ಕೈಗೆ ಬಂದದ್ದೂ ಹಾಗೊಂದು ಬಾಗಿಲಿನಿಂದಲೇ. ಇಪ್ಪತ್ತೆಂಟು ವರ್ಷದ ಹಿಂದೆ ಒಂದು ಸಂಬಳದ ದಿನ, ಮುಖ್ಯ ಕಚೇರಿಯ ಸ್ಟ್ರಾಂಗ್ ರೂಮಿನ ಉಕ್ಕಿನ ಬಾಗಿಲು ಜಪ್ಪಯ್ಯ ಅಂದರೂ ತೆರೆಯಲಿಲ್ಲ. ಬಾಗಿಲು ಮಾಡಿದ ಕಂಪನಿಯ ಇಬ್ಬರು ಎಂಜಿನಿಯರುಗಳು ಬಂದು ನೋಡಿ, ಕೊರೆದೇ ತೆಗೆಯಬೇಕು ಅಂದರು. ಆಗಿನ್ನೂ ಮೂವತ್ತರ ಮೇಸ್ತ್ರಿ ಒಂಬತ್ತು ಗಂಟೆ ಕೂತು, ಒಂದು ಗೀರೂ ಬೀಳದಂತೆ ಬಿಡಿಸಿದ. ಆಗಿನ ಮುದಿ ಅಧ್ಯಕ್ಷರು ಖುಷಿಯಾಗಿ, "ಕೂಲಿ ಜೊತೆಗೆ ಒಂದಿಷ್ಟು ಷೇರು ತಗೊಳಪ್ಪ. ಮಗಳು ಕಾಲೇಜು ಮೆಟ್ಟಿಲು ಹತ್ತೋ ಹೊತ್ತಿಗೆ ಉಪಯೋಗಕ್ಕೆ ಬರುತ್ತೆ" ಅಂದರು. ಕಾಗದ ಕೊಟ್ಟು ಸಾಗಹಾಕುತ್ತಿದ್ದಾರೆ ಎಂದುಕೊಂಡೇ ಅವನು ತಂದಿದ್ದ. ಆದರೆ ಮುದುಕರ ಮಾತು ಸುಳ್ಳಾಗಲಿಲ್ಲ. ಮಗಳ ಕಾಲೇಜಿನ ಶುಲ್ಕದ ಅರ್ಧ ಪಾಲು ಆ ಷೇರಿನ ಡಿವಿಡೆಂಡಿನಿಂದಲೇ ಬಂತು. ನದಿಯ ಈಚೆ ದಡದ ಆ ಸೀಮೆಯಲ್ಲಿ ಜನ ಅದನ್ನು ಹೆಸರು ಹಿಡಿದು ಕರೆಯುತ್ತಲೇ ಇರಲಿಲ್ಲ, 'ನಮ್ಮ ಬ್ಯಾಂಕು' ಅನ್ನುತ್ತಿದ್ದರು.

ಅವನಿಗೊಬ್ಬಳು ಅಕ್ಕ. ತಾಯಿ ತೀರಿಕೊಂಡಾಗ ಇವನಿಗೆ ಆರು, ಅವಳಿಗೆ ಹದಿನಾರು. ಮದುವೆ ಮಾಡಿಕೊಳ್ಳದೆ, ದೊಡ್ಡಾಸ್ಪತ್ರೆಯ ಲಾಂಡ್ರಿ ಸೇರಿ, ನಲವತ್ತೊಂದು ವರ್ಷ ಹಾಸಿಗೆ ಬಟ್ಟೆ ಒಗೆಸಿ, ಇಸ್ತ್ರಿ ಮಾಡಿಸಿ, ಕೊನೆಗೆ ಲಾಂಡ್ರಿಯ ಮೇಲ್ವಿಚಾರಕಿಯಾಗಿ ನಿವೃತ್ತಿಯಾದವಳು. ಮುಂಗೈ ಮೇಲೆ ಹಬೆಯಿಂದ ಸುಟ್ಟ ಕಲೆ. ಯಂತ್ರಗಳ ಗದ್ದಲದ ಮೇಲೆ ಕೂಗಿ ಕೂಗಿ ಗಂಟಲು ಎಷ್ಟು ಗಟ್ಟಿಯಾಗಿತ್ತೆಂದರೆ, ಅವಳು ಗುಟ್ಟು ಹೇಳಿದರೂ ಮಹಡಿಯವರಿಗೆ ಕೇಳಿಸುತ್ತಿತ್ತು. ನಿವೃತ್ತಿಯ ದುಡ್ಡು ಕೈಗೆ ಬಂದಾಗ ಅವಳು ಕೇಳಿದ್ದು ಒಬ್ಬನೇ ಒಬ್ಬನನ್ನು.

"ಎಲ್ಲಿ ಇಡ್ಲೋ ಇದನ್ನ?"

"ನಮ್ಮ ಬ್ಯಾಂಕಿನ ಷೇರಲ್ಲಿ ಇಡಕ್ಕ. ಅದರ ಬಾಗಿಲು ನಂಗೊತ್ತು," ಅಂದಿದ್ದ ತಮ್ಮ.

ಅವಳು ಸಾವಿರದ ಎಂಟುನೂರು ಷೇರು ಕೊಂಡಳು. ಅವನದು ನಾನೂರು ಇತ್ತು.

ಈಚೆ ದಡದ ಸೀಮೆ ಬೇರೆ ದೇಶವಾಗಬೇಕು ಅನ್ನುವ ಕೂಗು ಅಜ್ಜಂದಿರ ಕಾಲದ್ದು. ಚುನಾವಣೆ ಬಂದಾಗ ಏಳುತ್ತಿತ್ತು, ಮುಗಿದಾಗ ಮಲಗುತ್ತಿತ್ತು. ಆ ವರ್ಷ ಮಾತ್ರ ಮಲಗಲಿಲ್ಲ. ಬೇರೆಯಾಗಬೇಕೋ ಬೇಡವೋ ಎಂದು ಜನಮತ ಕೇಳುವುದಾಗಿ ಎರಡೂ ಕಡೆಯವರು ಒಪ್ಪಿ ದಿನ ಗೊತ್ತುಮಾಡಿದರು. ಗೋಡೆ ಗೋಡೆಯ ಮೇಲೂ 'ಬೇಕು', 'ಬೇಡ'. ಮೇಸ್ತ್ರಿಯ ಮಗಳು ಕಾಲೇಜಿನಲ್ಲಿ ಪಾಠ ಹೇಳುವವಳು, 'ಬೇಕು' ಕಡೆಯವಳು, ಎದೆಗೊಂದು ಬಿಲ್ಲೆ ಚುಚ್ಚಿಕೊಂಡು ಓಡಾಡುತ್ತಿದ್ದಳು. ಹೆಂಡತಿ 'ಬೇಡ'. ಮೇಸ್ತ್ರಿ ಇಬ್ಬರ ನಡುವೆ ಕೂತು ಉಣ್ಣುತ್ತಿದ್ದ, ಯಾವ ಕಡೆ ತಲೆಯಾಡಿಸಿದರೂ ಇನ್ನೊಂದು ಕಡೆಯಿಂದ ಪಾತ್ರೆ ಕುಕ್ಕುವ ಸದ್ದು.

ಅವರ ಕಟ್ಟಡದ ಕೆಳಗಿನ ಅಂಗಡಿಯಲ್ಲಿ ಒಬ್ಬ ಷೇರು ದಲ್ಲಾಳಿ ಇದ್ದ. ಏನು ಕೇಳಿದರೂ "ಏರಲೂಬಹುದು, ಇಳಿಯಲೂಬಹುದು" ಅನ್ನುತ್ತಿದ್ದುದರಿಂದ ಅವನಿಗೆ 'ಹವಾಮಾನ' ಅಂತ ಅಡ್ಡಹೆಸರು ಬಿದ್ದಿತ್ತು. ಅವನ ಅಂಗಡಿಯ ಟಿ.ವಿ. ಮುಂದೆ ನಿಂತು ಮೇಸ್ತ್ರಿ ಮೊದಲ ಬಾರಿಗೆ ಒಂದು ಸಂಗತಿ ಕಂಡ. ಆಚೆ ದಡದ ಹಣಕಾಸು ಮಂತ್ರಿ ಮೈಕು ಹಿಡಿದು, "ಬೇರೆಯಾದರೆ ಅವರ ಬ್ಯಾಂಕಿನ ಠೇವಣಿಗೆ ಜಾಮೀನು ನಿಲ್ಲೋರು ಯಾರು? ನಾವಂತೂ ಅಲ್ಲ" ಅಂದ. ಅವನು ನೀರು ಕುಡಿದು ಲೋಟ ಇಡುವಷ್ಟರಲ್ಲಿ, ಇನ್ನೂರ ಹತ್ತಿದ್ದ ಷೇರು ನೂರ ತೊಂಬತ್ತಮೂರು. ಮಾರನೆಯ ದಿನ ಈಚೆಯ ನಾಯಕ ಎದ್ದು, "ನಮ್ಮ ಬ್ಯಾಂಕು ನಮ್ಮ ಮಣ್ಣು! ಈಗ ಷೇರು ಮಾರೋನು ತಾಯಿನ ಮಾರಿದ ಹಾಗೆ!" ಅಂದ. ಎಂಟು ಏರಿತು. ಅದರ ಮಾರನೆಯ ದಿನ ಚಲಾವಣೆಯ ನಾಣ್ಯ ಯಾವುದು ಅನ್ನುವ ಜಗಳ. ಹನ್ನೆರಡು ಇಳಿಯಿತು.

"ಬ್ಯಾಂಕಿಗೆ ಏನಾಗಿದೆಯಪ್ಪಾ ಅಂಥಾದ್ದು? ಮೊನ್ನೆ ಇದ್ದ ಸಾಲಗಾರರೇ ಇದ್ದಾರೆ, ಮೊನ್ನೆ ಇದ್ದ ತಿಜೋರಿನೇ ಇದೆ," ಎಂದು ಮೇಸ್ತ್ರಿ ಕೇಳಿದ.

"ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಅಂತಾರಲ್ಲ ಮೇಸ್ತ್ರಿ, ನೀವೇ ಆ ಕೂಸು," ಅಂದ ಹವಾಮಾನ.

ಆ ಕೂಸುಗಳು ಒಂದೆರಡಲ್ಲ. ಬಸ್ ಚಾಲಕರು, ನಿವೃತ್ತ ದಾದಿಯರು, ಹೊಲಿಗೆಯವರು, ಶಾಲೆಯ ಗುಮಾಸ್ತರು. ಬೆಳಿಗ್ಗೆ ಹತ್ತಕ್ಕೆಲ್ಲ ಅಂಗಡಿ ಮುಂದೆ ಬಂದು ನಿಲ್ಲುತ್ತಿದ್ದರು. ಮಾರಿದರೆ ದ್ರೋಹಿ, ಇಟ್ಟುಕೊಂಡರೆ ದಡ್ಡ. ಅಕ್ಕ ಒಮ್ಮೆ ಬಸ್ ನಿಲ್ದಾಣದಲ್ಲಿ "ಅರ್ಧ ಮಾರಿಬಿಡೋಣ ಅಂತಿದೀನಿ" ಎಂದು ಪಕ್ಕದವಳ ಹತ್ತಿರ ಹೇಳಿದ್ದಕ್ಕೆ, ಬಿಲ್ಲೆ ಹಾಕಿಕೊಂಡ ಗುರುತಿಲ್ಲದವನೊಬ್ಬ ತಿರುಗಿ, "ನಾಚ್ಕೆ ಆಗಲ್ವಾ?" ಅಂದಿದ್ದ. ನಲವತ್ತೊಂದು ವರ್ಷ ಈ ಸೀಮೆಯ ರೋಗಿಗಳ ರಕ್ತದ ಕಲೆ ತೊಳೆದ ಹೆಂಗಸಿಗೆ!

ಆ ತಿಂಗಳ ಹನ್ನೊಂದನೇ ತಾರೀಖು, ಹಬ್ಬದ ರಜೆಯ ಮಧ್ಯಾಹ್ನ, ಮುಖ್ಯ ಕಚೇರಿಯಿಂದ ಮೇಸ್ತ್ರಿಗೆ ಕರೆ ಬಂತು. ಕಚೇರಿ ಖಾಲಿ. ಮ್ಯಾನೇಜರು ಒಬ್ಬರೇ ಕಾಯುತ್ತಿದ್ದರು. ಸ್ಟ್ರಾಂಗ್ ರೂಮಿನ ಬಾಗಿಲಿಗೆ ಗಡಿಯಾರದ ಬೀಗ ಅಂತ ಒಂದಿರುತ್ತದೆ. ಗೊತ್ತುಪಡಿಸಿದ ಗಂಟೆಯವರೆಗೆ ಅಧ್ಯಕ್ಷರೇ ಕೀಲಿ ಹಿಡಿದು ಬಂದರೂ ಅದು ಬಿಡುವುದಿಲ್ಲ. ಅದನ್ನು ಬಿಚ್ಚಬೇಕು, ಪೆಟ್ಟಿಗೆಗೆ ಹಾಕಬೇಕು.

"ರಿಪೇರಿಗಾ ಸಾರ್?"

"ಅಲ್ಲ ಮೇಸ್ತ್ರಿ. ಆಚೆ ದಡದಲ್ಲಿ ಹೊಸ ಕಟ್ಟಡ ತಗೊಂಡಿದೀವಿ. ಮುಖ್ಯ ಕಚೇರಿ ಅಲ್ಲಿಗೆ. ಮುಂದಿನ ವಾರ ನೀವೇ ಬಂದು ಕೂರಿಸಿಕೊಡಬೇಕು." ಮ್ಯಾನೇಜರು ಒಂದು ಕಾಗದ ಮುಂದಿಟ್ಟರು. ಬ್ಯಾಂಕು ತಾನಾಗಿ ಪ್ರಕಟಿಸುವವರೆಗೆ ಈ ವಿಷಯ ಯಾರಿಗೂ ಹೇಳುವುದಿಲ್ಲ ಎಂದು ಬರೆದು ರುಜು ಹಾಕಬೇಕು.

ಅಕ್ಕನ ಸಾವಿರದ ಎಂಟುನೂರು ಷೇರು ಮೇಸ್ತ್ರಿಯ ಕಣ್ಣ ಮುಂದೆ ಬಂತು. ಆದರೂ ರುಜು ಹಾಕಿದ. ಕಸುಬಿನ ಮರ್ಯಾದೆ ಅದು. ಯಾರ ಲಾಕರಿನಲ್ಲಿ ಏನಿತ್ತು, ಯಾವ ಗಂಡ ಹೆಂಡತಿಗೆ ಗೊತ್ತಿಲ್ಲದೆ ಎರಡನೇ ಕೀಲಿ ಮಾಡಿಸಿದ, ಒಂದರ ಬಗ್ಗೆಯೂ ಅವನು ಈವರೆಗೆ ಹೊರಗೆ ತುಟಿಪಿಟಕ್ಕೆಂದಿರಲಿಲ್ಲ. ಬೀಗ ಬಿಚ್ಚಿ, ಎಣ್ಣೆ ಬಟ್ಟೆಯಲ್ಲಿ ಸುತ್ತಿ, ಪೆಟ್ಟಿಗೆಗಿಟ್ಟ. ಯಾವಾಗಲೂ ಮಾಡುವಂತೆ ಬಿಲ್ ಪುಸ್ತಕ ತೆಗೆದು, ಕೆಳಗೆ ಕಾರ್ಬನ್ ಹಾಳೆ ಇಟ್ಟು ಬರೆದ: 'ಸ್ಟ್ರಾಂಗ್ ರೂಮಿನ ಗಡಿಯಾರ ಬೀಗ ಬಿಚ್ಚಿ, ಆಚೆ ದಡದ ಹೊಸ ಮುಖ್ಯ ಕಚೇರಿಗೆ ಸಾಗಿಸಲು ಸಿದ್ಧಪಡಿಸಿದ್ದಕ್ಕೆ.' ತಾರೀಖು ಹಾಕಿದ. ಮ್ಯಾನೇಜರು ಓದದೆಯೇ ಎರಡೂ ಪ್ರತಿಗೆ ಮೊಹರು ಒತ್ತಿ ಸಹಿ ಮಾಡಿದರು.

ಹದಿನಾರರಂದು ಅಕ್ಕ ಕೈಯಲ್ಲೊಂದು ಕಾಗದ ಹಿಡಿದು ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದಳು. ಮಂಡಿ ನೋವು ಜೋರಾಗಿತ್ತು. ಆಪರೇಷನ್ನಿಗೆ ಡಾಕ್ಟರು ದಿನ ಕೊಟ್ಟಿದ್ದರು. ಕಾಗದ ಬ್ಯಾಂಕಿನ ಈಗಿನ ಅಧ್ಯಕ್ಷರದು, ಹದಿನೈದನೇ ತಾರೀಖಿನದು, ಎಲ್ಲ ಷೇರುದಾರರಿಗೂ ಕಳಿಸಿದ್ದು. ಅವಳು ನಿಂತೇ ಓದಿದಳು: "'ಗಾಳಿಮಾತಿಗೆ ಕಿವಿಗೊಡಬೇಡಿ. ನಮ್ಮ ಮುಖ್ಯ ಕಚೇರಿ ಇದ್ದಲ್ಲಿಂದ ಒಂದು ಗೇಣೂ ಕದಲುವುದಿಲ್ಲ. ನಾನಾಗಲಿ ನನ್ನ ಮನೆಯವರಾಗಲಿ ಒಂದೇ ಒಂದು ಷೇರನ್ನೂ ಮಾರುವುದಿಲ್ಲ.' ಏನಂತೀಯೋ? ಮಾರ್ಲಾ, ಇಡ್ಲಾ?"

ಮೇಸ್ತ್ರಿಗೆ ಬಾಯಲ್ಲಿ ಬಿಸಿ ತುಪ್ಪ ಇಟ್ಟುಕೊಂಡಂತಾಯಿತು. ಹೇಳಿದರೆ ಕೊಟ್ಟ ಮಾತು ಹೋಯಿತು. ಹೇಳದಿದ್ದರೆ ಎತ್ತಿ ಸಾಕಿದ ಅಕ್ಕ.

"ನನ್ನ ಕೇಳಬೇಡಕ್ಕ ಈ ಸಲ," ಅಂದ, ಮುಖ ಎತ್ತದೆ.

ಅಕ್ಕ ಅದನ್ನು ಬೇರೆಯೇ ಅರ್ಥ ಮಾಡಿಕೊಂಡಳು. ಮುಳುಗುವಂತಿದ್ದರೆ ನನ್ನ ತಮ್ಮ ಹೇಳದೆ ಇರುತ್ತಿದ್ದನೇ ಎಂದುಕೊಂಡು, ಕಾಗದ ಮಡಚಿ ಚೀಲಕ್ಕೆ ಹಾಕಿಕೊಂಡು, ನೆಮ್ಮದಿಯಾಗಿ ಮನೆಗೆ ಹೋದಳು. ಅಧ್ಯಕ್ಷರ ಕಾಗದ ಓದಿದ ಸಾವಿರಾರು ಜನ ಹಾಗೆಯೇ ನೆಮ್ಮದಿಯಾದರು. ಷೇರು ಮತ್ತೆ ಇನ್ನೂರಕ್ಕೆ ಬಂತು.

ಇಪ್ಪತ್ತಮೂರರಂದು ಬೆಳಿಗ್ಗೆ ಬ್ಯಾಂಕು ಪ್ರಕಟಿಸಿತು: ಜನಮತದ ಅನಿಶ್ಚಿತತೆಯ ಕಾರಣ, ಮುನ್ನೆಚ್ಚರಿಕೆಯಾಗಿ, ಮುಖ್ಯ ಕಚೇರಿ ಆಚೆ ದಡಕ್ಕೆ. ಮಧ್ಯಾಹ್ನದ ಹೊತ್ತಿಗೆ ಷೇರು ನೂರ ಆರು. ಮೂರನೇ ದಿನ ಎಪ್ಪತ್ತೊಂದು. ಟಿ.ವಿ.ಯಲ್ಲಿ ಆಚೆಯವರು "ನೋಡಿ, ಬೇರೆಯಾಗೋ ಹುಚ್ಚಿನ ಫಲ" ಅಂದರು. ಈಚೆಯವರು "ನೋಡಿ, ಆಚೆಯವರ ಬೆದರಿಕೆ ಫಲ" ಅಂದರು. ಅಂಗಡಿ ಮುಂದೆ ಮೂರ್ಛೆ ಹೋದ ನಿವೃತ್ತ ಗುಮಾಸ್ತನಿಗೆ ನೀರು ಚಿಮುಕಿಸಿದ್ದು ಹವಾಮಾನ ಒಬ್ಬನೇ. ಅಕ್ಕ ನಾಲ್ಕನೇ ದಿನ ಎಲ್ಲವನ್ನೂ ಅರವತ್ತೆಂಟಕ್ಕೆ ಮಾರಿದಳು. ಆಸ್ಪತ್ರೆಗೆ ಮುಂಗಡ ಕಟ್ಟಬೇಕಿತ್ತು, ಇನ್ನೂ ಇಳಿದರೆ ಅದಕ್ಕೂ ಸಾಲದೆ ಹೋಗುತ್ತಿತ್ತು.

ಆ ಸಂಜೆ ಮೇಸ್ತ್ರಿ ಅವಳ ಮನೆಗೆ ಹೋದ. ಅಕ್ಕ ಮಂಚದ ತುದಿಯಲ್ಲಿ ಕೂತು ಒಣಗಿದ ಟವೆಲುಗಳನ್ನು ಮಡಚುತ್ತಿದ್ದಳು, ಆಸ್ಪತ್ರೆಯ ಅಭ್ಯಾಸದಂತೆ ಅಂಚಿಗೆ ಅಂಚು ಕೂಡಿಸಿ.

"ನಂಗೆ ಗೊತ್ತಿತ್ತಕ್ಕ," ಅಂದ ಅವನು. "ಹನ್ನೊಂದನೇ ತಾರೀಖಿಂದ್ಲೇ ಗೊತ್ತಿತ್ತು." ನಡೆದದ್ದನ್ನೆಲ್ಲ ಹೇಳಿದ.

ಟವೆಲು ಅವಳ ತೊಡೆಯ ಮೇಲೇ ನಿಂತಿತು. "ನಾನು ಕಾಗದ ಹಿಡ್ಕೊಂಡು ಬಂದಿದ್ದು ಹದಿನಾರಕ್ಕೆ."

"ಹೌದು."

"ನಿನ್ನ ಹೊತ್ತು ತಿರುಗಿದ ಸೊಂಟ ಕಣೋ ಇದು. ನಂಗೂ ಹೇಳ್ಬಾರ್ದು ಅನ್ನಿಸ್ತಾ?"

"ಹೇಳಿದ್ರೆ ಕಳ್ಳತನ ಆಗ್ತಿತ್ತಕ್ಕ. ನಂಗೆ ಗೊತ್ತಿದ್ದು ಬೇರೆ ಯಾರಿಗೂ ಗೊತ್ತಿರ್ಲಿಲ್ಲ. ನೀನು ಮಾರಿದ್ದನ್ನ ನಿನ್ನಂಥೋಳೇ ಇನ್ನೊಬ್ಬಳು ಕೊಂಡ್ಕೊಳ್ತಿದ್ಲು. ನಿನ್ನ ಬದ್ಲು ಅವಳು ಮುಳುಗ್ತಿದ್ಲು."

ಅಕ್ಕ ಆ ಟವೆಲನ್ನು ಮಡಚಿ ಮುಗಿಸಿ ಪಕ್ಕಕ್ಕಿಟ್ಟಳು. ಆಮೇಲೆ ಅಂದಳು: "ಸರಿ. ನೀನು ಕಳ್ಳ ಆಗ್ಲಿಲ್ಲ. ಹಾಗಾದ್ರೆ ಆ ವಾರ ಇನ್ನೂರಕ್ಕೆ ಮಾರ್ದೋರು ಯಾರು? ಕೊಂಡೋರು ಇದಾರೆ ಅಂದ್ರೆ ಮಾರ್ದೋರೂ ಇರ್ಬೇಕಲ್ಲ?"

ಆ ಪ್ರಶ್ನೆಗೆ ಉತ್ತರ ಹತ್ತು ದಿನದ ಮೇಲೆ ಸಿಕ್ಕಿತು. ಬ್ಯಾಂಕು ನಡೆಸುವವರ ಮನೆಯವರು ಷೇರು ಮಾರಿದರೆ ಅದನ್ನು ಷೇರುಪೇಟೆಗೆ ತಿಳಿಸಲೇಬೇಕೆಂಬ ನಿಯಮ. ತಿಳಿಸಿದ್ದ ಪಟ್ಟಿಯನ್ನು ಹವಾಮಾನ ಅಚ್ಚು ಹಾಕಿಸಿ ತಂದು ಮೇಸ್ತ್ರಿಯ ಕೆಲಸದ ಮೇಜಿನ ಮೇಲಿಟ್ಟ. ಅಧ್ಯಕ್ಷರ ಹೆಂಡತಿ, ಹದಿನಾರನೇ ತಾರೀಖು, ಇಪ್ಪತ್ತು ಸಾವಿರ ಷೇರು. ಅಧ್ಯಕ್ಷರ ಭಾವಮೈದ, ಹದಿನೇಳರಿಂದ ಇಪ್ಪತ್ತರವರೆಗೆ, ಅರವತ್ತು ಸಾವಿರ.

ಮೇಸ್ತ್ರಿ ಆ ಹಾಳೆಯನ್ನು ಮೂರು ಸಲ ಓದಿದ. ಹಿಡಿದಿದ್ದ ಸಣ್ಣ ಅರವನ್ನು ಮೇಜಿನ ಮೇಲಿಟ್ಟ. ತನ್ನ ಕೈಯಲ್ಲಿ ರುಜು ಹಾಕಿಸಿಕೊಂಡದ್ದು ಯಾಕೆಂದು ಅವನಿಗೆ ಆಗ ಹೊಳೆಯಿತು. ಬ್ಯಾಂಕಿನ ಗುಟ್ಟು ಕಾಯಲೆಂದಲ್ಲ. ಅಧ್ಯಕ್ಷನ ಮನೆಯವರು ಮಾರಿ ಮುಗಿಸುವವರೆಗೆ ಬೀಗದವನ ಬಾಯಿ ಮುಚ್ಚಿರಲೆಂದು. ಅವನ ಅಕ್ಕ ನೆಮ್ಮದಿಯಾಗಿ ಮನೆಗೆ ಹೋದ ಅದೇ ಹದಿನಾರರಂದು ಅಧ್ಯಕ್ಷನ ಹೆಂಡತಿ ಮಾರಿದ್ದಳು! ಬೇಲಿಯೇ ಎದ್ದು ಹೊಲ ಮೇಯುವಾಗ ತಾನು ಬೇಲಿಗೆ ಕಾವಲು ನಿಂತಿದ್ದ.

"ಥೂ," ಅಂದ, "ನನ್ನ ನಿಯತ್ತನ್ನೇ ಏಣಿ ಮಾಡ್ಕೊಂಡು ಇಳ್ದು ಹೋದ್ರಲ್ಲೋ!"

ಮಗಳು ಸಮಾಧಾನ ಹೇಳಲು ಬಂದಳು. "ಸ್ವತಂತ್ರ ಬೇಕು ಅಂದ್ರೆ ಮೊದ್ಲಿಗೆ ಕಷ್ಟ ಇರುತ್ತಪ್ಪ. ಎಲ್ಲರೂ ಹಂಚ್ಕೋಬೇಕು."

"ಹಂಚ್ಕೊಳ್ಳೋಣ ಮಗಳೇ, ಬೇಡ ಅಂದ್ನಾ? ನಿನ್ನ ಅತ್ತೆ ಪಾಲು ಇಲ್ಲಿದೆ. ಅಧ್ಯಕ್ಷನ ಪಾಲು ಎಲ್ಲಿ, ತೋರಿಸು."

ಮಾರನೆಯ ದಿನ ಮಗಳೇ ಬಿಲ್ ಪುಸ್ತಕದಲ್ಲಿದ್ದ ಹನ್ನೊಂದನೇ ತಾರೀಖಿನ ಹಾಳೆಯ ನಾಲ್ಕು ಪ್ರತಿ ತೆಗೆಸಿ ತಂದಳು.

ವಾರ್ಷಿಕ ಸಭೆ ಜನಮತಕ್ಕೆ ಮೂರು ವಾರ ಮೊದಲು ನಡೆಯಿತು. ದೊಡ್ಡ ಸಭಾಂಗಣ, ಮೆತ್ತನೆಯ ಕುರ್ಚಿ, ವೇದಿಕೆಯ ಮೇಲೆ ಹೂವು. ಅಧ್ಯಕ್ಷರು 'ಐತಿಹಾಸಿಕ ಕಾಲಘಟ್ಟ' ಅಂದರು, 'ನಮ್ಮ ಕೈಮೀರಿದ ರಾಜಕೀಯ ಬಿರುಗಾಳಿ' ಅಂದರು. ಪ್ರಶ್ನೆಗಳ ಸಮಯ ಬಂದಾಗ ಮೇಸ್ತ್ರಿ ಎದ್ದು ನಡುವಿನ ಮೈಕಿನ ಹತ್ತಿರ ಹೋದ.

"ನಾನು ನಿಮ್ಮ ಬೀಗದವನು. ಹನ್ನೊಂದನೇ ತಾರೀಖು ನಿಮ್ಮ ಸ್ಟ್ರಾಂಗ್ ರೂಮಿನ ಬೀಗ ಬಿಚ್ಚಿ ಆಚೆ ದಡಕ್ಕೆ ಕಟ್ಟಿಕೊಟ್ಟೋನು ನಾನೇ. ನಿಮ್ಮ ಮ್ಯಾನೇಜರ ಮೊಹರು ಇರೋ ಬಿಲ್ಲು ಇದು. ಹದಿನೈದಕ್ಕೆ ಒಂದು ಗೇಣೂ ಕದಲಲ್ಲ ಅಂತ ಬರೆದ್ರಿ. ಆವತ್ತಿಗೆ ಬೀಗ ಬಿಚ್ಚಿ ನಾಲ್ಕು ದಿನ ಆಗಿತ್ತು. ಹದಿನಾರಕ್ಕೆ ನಿಮ್ಮ ಮನೆಯವರು..."

ಮೈಕು ಸತ್ತಿತು. ವೇದಿಕೆಯಿಂದ ಯಾರೋ, ಪ್ರಶ್ನೆಗಳನ್ನು ಮುಂಚಿತವಾಗಿ ಬರೆದು ಕೊಡಬೇಕಿತ್ತು ಅಂದರು. ಅಷ್ಟರಲ್ಲಿ ಆರನೇ ಸಾಲಿನಿಂದ ಅಕ್ಕ ಎದ್ದಳು. ಷೇರು ಮಾರಿದ್ದ ಅವಳಿಗೆ ಅಲ್ಲಿ ಕೂರುವ ಹಕ್ಕಿರಲಿಲ್ಲ, ತಮ್ಮನ ಜೊತೆಗೆಂದು ಬಂದಿದ್ದಳು. ಕೋಲೂರಿ ನಿಂತು, ಹದಿನಾಲ್ಕು ಒಗೆಯುವ ಯಂತ್ರಗಳ ಮೇಲೆ ಕೂಗುತ್ತಿದ್ದ ಆ ಗಂಟಲಲ್ಲಿ ಕೂಗಿದಳು:

"ಹದಿನಾರಕ್ಕೆ ನಿಮ್ಮ ಹೆಂಡ್ತಿ ಇಪ್ಪತ್ತು ಸಾವಿರ ಷೇರು ಮಾರಿದ್ರು! ನಿಮ್ಮ ಕಾಗದ ನಂಬಿ ನಾನು ಇಟ್ಕೊಂಡೆ! ನಮ್ಮನ್ನ ಕಟ್ಟಿಹಾಕೋಕೆ ಕಾಗದ ಬರೆದ್ರಾ, ಇಲ್ಲಾ ಅವರಿಗೆ ಒಳ್ಳೆ ಬೆಲೆ ಕೊಡ್ಸೋಕಾ?"

ಹಿಂದಿನ ಸಾಲಿನಲ್ಲಿ ಯಾರೋ ಎದ್ದರು. ಆಮೇಲೆ ಅವರ ಪಕ್ಕದವರು. ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿ, "ಅದು ಕೇವಲ ಪೂರ್ವಸಿದ್ಧತೆ" ಎಂದರು. ಮುಂದಿನ ಮಾತು ಯಾರಿಗೂ ಕೇಳಿಸಲಿಲ್ಲ.

ಮಾರನೆಯ ದಿನದಿಂದ ಮೇಸ್ತ್ರಿಯ ಮನೆಗೆ ದೊಡ್ಡವರ ಸವಾರಿ. 'ಬೇಡ' ಕಡೆಯವರು ಬಂದು, "ಬೇರೆಯಾಗೋ ಮಾತಿಂದ್ಲೇ ನಿಮ್ಮಕ್ಕ ಹಾಳಾದ್ರು ಅಂತ ನಮ್ಮ ವೇದಿಕೆ ಮೇಲೆ ಹೇಳಿ" ಅಂದರು. 'ಬೇಕು' ಕಡೆಯವರು ಬಂದು, "ಆಚೆಯವರ ಜೊತೆ ಸೇರ್ಕೊಂಡು ಬ್ಯಾಂಕು ದ್ರೋಹ ಮಾಡ್ತು ಅಂತ ಹೇಳಿ" ಅಂದರು. ಇಬ್ಬರನ್ನೂ ಅವನು ಒಂದೇ ಮಾತು ಕೇಳಿದ. "ಭಾವಮೈದನ ಷೇರಿನ ವಿಷಯ ನಿಮ್ಮ ಭಾಷಣದಲ್ಲಿ ಬರುತ್ತಾ?" ಬರುವುದಿಲ್ಲ. ಆ ಭಾವಮೈದ ಎರಡೂ ಪಕ್ಷಗಳಿಗೆ ದೇಣಿಗೆ ಕೊಡುವವನು. "ಹಾಗಾದ್ರೆ ಚಪ್ಪಲಿ ಹಾಕ್ಕೊಳ್ಳಿ," ಅಂದ ಮೇಸ್ತ್ರಿ.

ಜನಮತ ನಡೆಯಿತು. ನೂರಕ್ಕೆ ಎರಡರಷ್ಟು ಅಂತರದಲ್ಲಿ 'ಬೇಡ' ಗೆದ್ದಿತು. ಮಗಳು ಎರಡು ದಿನ ಅತ್ತಳು, ಹೆಂಡತಿ ಗೆದ್ದ ಸಂತೋಷವನ್ನು ಅವಳೆದುರು ತೋರಿಸದೆ ಹತ್ತಿಕ್ಕಿದಳು. ಯಾವ ದೇಶವೂ ಹೊಸದಾಗಿ ಹುಟ್ಟಲಿಲ್ಲ, ಯಾವ ನಾಣ್ಯವೂ ಬದಲಾಗಲಿಲ್ಲ. ತಿಂಗಳೊಪ್ಪತ್ತಿನಲ್ಲಿ ಷೇರು ನೂರ ಎಪ್ಪತ್ತಕ್ಕೆ ಮರಳಿತು. ಅರವತ್ತೆಂಟಕ್ಕೆ ಮಾರಿದವರ ಷೇರು ಯಾರ ಕೈ ಸೇರಿತ್ತೆಂಬುದೂ ಪಟ್ಟಿಯಲ್ಲಿ ಬಂತು. ಭಾವಮೈದ ಎಂಬತ್ತು ಸಾವಿರ ಕೊಂಡಿದ್ದ. ತಾನು ಮಾರಿದ್ದಕ್ಕಿಂತ ಹೆಚ್ಚು.

ಷೇರುಪೇಟೆಯ ಮೇಲ್ವಿಚಾರಣೆಯ ಕಚೇರಿಯವರು ತನಿಖೆ ಮಾಡಿದರು. ಮೇಸ್ತ್ರಿಯ ಬಿಲ್ಲೇ ಮುಖ್ಯ ಸಾಕ್ಷಿ. ಒಂದು ವರ್ಷದ ಮೇಲೆ ತೀರ್ಪು: ಭಾವಮೈದ ಮತ್ತು ಅಧ್ಯಕ್ಷರ ಹೆಂಡತಿ ಲಾಭವನ್ನು ದಂಡಸಮೇತ ಕಟ್ಟಬೇಕು, ಸರ್ಕಾರದ ಖಜಾನೆಗೆ. ಅಧ್ಯಕ್ಷರು 'ಆರೋಗ್ಯದ ಕಾರಣ' ರಾಜೀನಾಮೆ ಕೊಟ್ಟು ಪೂರ್ತಿ ಪಿಂಚಣಿಯೊಂದಿಗೆ ಮನೆಗೆ ಹೋದರು. ಸಣ್ಣ ಷೇರುದಾರರಿಗೆ? ಏನೂ ಇಲ್ಲ. ಅವರ ನಷ್ಟ 'ರಾಜಕೀಯ ಕಾರಣಗಳಿಂದ' ಆದದ್ದಂತೆ. ಕದ್ದ ಮಾಲು ಸಿಕ್ಕಿತು, ಕಳ್ಳನೂ ಸಿಕ್ಕಿಬಿದ್ದ, ಮಾಲು ಮಾತ್ರ ಒಡೆಯರಿಗೆ ಇಲ್ಲ ಅಂದರೆ ಯಾವ ಊರಿನ ನ್ಯಾಯ?

ಮೇಸ್ತ್ರಿಗೆ ಆ ಬ್ಯಾಂಕಿನ ಕೆಲಸ ನಿಂತಿತು. ಬಾಯಿ ಬಿಡುವ ಬೀಗದವನು ಎಂದು ಉಳಿದ ಬ್ಯಾಂಕುಗಳೂ ಕರೆಯುವುದನ್ನು ನಿಲ್ಲಿಸಿದವು. ಈಗ ಅಂಗಡಿಗಳ ರೋಲಿಂಗ್ ಷಟರು, ಗೋದಾಮಿನ ಬಾಗಿಲು, ಕಳೆದುಹೋದ ಬೀರು ಕೀಲಿ. ತನ್ನ ನಾನೂರು ಷೇರನ್ನು ಅಕ್ಕನ ಹೆಸರಿಗೆ ಮಾಡಿಸಲು ಹೋದರೆ ಅವಳು ಕಾಗದ ತಳ್ಳಿದಳು. "ನಿನ್ನ ಪಾಪ ತೊಳ್ಕೊಳ್ಳೋಕೆ ನನ್ನ ಮನೆ ಲಾಂಡ್ರಿ ಅಲ್ಲ. ಕಿತ್ಕೊಂಡೋರು ಕೊಡ್ಲಿ." ಮಂಡಿ ಆಪರೇಷನ್ನು ತಾನು ದುಡಿದ ಆಸ್ಪತ್ರೆಯ ಸಾಮಾನ್ಯ ವಾರ್ಡಿನಲ್ಲೇ ಆಯಿತು. ಎಚ್ಚರವಾದ ಕೂಡಲೇ ಹೊದಿಕೆಯ ಅಂಚು ತಿರುವಿ ನೋಡಿ, ಒಗೆತ ಸರಿಯಿಲ್ಲ ಎಂದು ದಾದಿಗೆ ಬೈದಳು.

ಇನ್ನೂರ ಹನ್ನೆರಡು ಜನ ಸೇರಿ ಮೇಲ್ಮನವಿ ಹಾಕಿದ್ದಾರೆ. ಬಸ್ ಚಾಲಕರು, ದಾದಿಯರು, ಆವತ್ತು ಮೂರ್ಛೆ ಹೋಗಿದ್ದ ಗುಮಾಸ್ತ. 'ಬೇಕು' ಅಂದವರೂ ಇದ್ದಾರೆ, 'ಬೇಡ' ಅಂದವರೂ ಇದ್ದಾರೆ. ವಿಚಾರಣೆ ಆಚೆ ದಡದಲ್ಲಿ, ಎರಡು ಬಸ್ಸು ಬದಲಿಸಿ ಹೋಗಬೇಕು. ಅಕ್ಕ ಒಂದನ್ನೂ ತಪ್ಪಿಸಿಲ್ಲ. ಕಳೆದ ಸಲ ಬ್ಯಾಂಕಿನ ವಕೀಲ ಮೃದುವಾಗಿ, "ಅಮ್ಮಾ, ಅರವತ್ತೆಂಟಕ್ಕೆ ಮಾರಿ ಅಂತ ನಿಮ್ಮನ್ನ ಯಾರೂ ಬಲವಂತ ಮಾಡಿರಲಿಲ್ಲ ಅಲ್ವಾ?" ಎಂದು ಕೇಳಿದ.

"ಇಲ್ಲಪ್ಪ," ಅಂದಳು ಅಕ್ಕ. "ಇನ್ನೂರಕ್ಕೆ ಮಾರಬೇಡಿ ಅಂತ ಮಾತ್ರ ಬಲವಂತ ಮಾಡಿದ್ರು. ಆ ಕಾಗದ ನಿಮ್ಮ ಹತ್ರಾನೂ ಇರಬೇಕು, ತೆಗೆದು ಓದು."

ವಕೀಲ ಕಡತ ತಿರುವಿದ. ಕಾಗದ ಅಲ್ಲೇ ಇತ್ತು. ನ್ಯಾಯಾಧೀಶರು ಅದನ್ನು ಕೈಗೆ ತರಿಸಿಕೊಂಡು, ಮೊದಲಿಂದ ಕೊನೆಯವರೆಗೆ ಓದಿ, ಬಿಲ್ಲಿನ ಪಕ್ಕದಲ್ಲಿಟ್ಟು, ಎರಡರ ತಾರೀಖನ್ನೂ ತಮ್ಮ ಟಿಪ್ಪಣಿಯಲ್ಲಿ ಬರೆದುಕೊಂಡರು. ಆಮೇಲೆ ವಿಚಾರಣೆಯನ್ನು ಆರು ವಾರ ಮುಂದೂಡಿದರು. ಮೇಸ್ತ್ರಿ ಹಲ್ಲು ಕಚ್ಚಿಕೊಂಡು ಎದ್ದು ನಿಂತ. ಅಕ್ಕ ಅವನ ತೋಳು ಹಿಡಿದು, ನ್ಯಾಯಾಲಯದ ಗುಮಾಸ್ತರ ಕಿಟಕಿಯ ಹತ್ತಿರ ನಡೆದು, ಮುಂದಿನ ತಾರೀಖನ್ನು ದಪ್ಪಕ್ಷರದಲ್ಲಿ ಬರೆದುಕೊಡುವಂತೆ ಇಡೀ ಕಟ್ಟಡಕ್ಕೆ ಕೇಳುವಂತೆ ಕೇಳಿದಳು.